ಬಾಯಿ ತುಂಬಾ ನೀರು

ನಾನು ಸಿಟ್ಟಿನವಳು. ಇದನ್ನು ಹೇಳುವಾಗ ನನಗೆ ಬಿಕ್ಕಳಿಕೆ ಬರುವುದಿಲ್ಲ, ಆದ್ದರಿಂದ ಧೈರ್ಯವಾಗಿ ನಂಬಬಹುದು. ಹೆಸರು ಮಾತ್ರ ಶಾಂತಲಾ. ನಾಮಕರಣದ ದಿನ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದ ಅಜ್ಜಿ, ನೆರೆದವರ ಕಡೆ ತಿರುಗಿ 'ಮಗು ಬಲು ಶಾಂತ' ಎಂದಳಂತೆ. ಅಂದವಳಿಗೆ ಅಲ್ಲೇ ಬಿಕ್ಕಳಿಕೆ ಬಂತಂತೆ. ನೆಂಟರು ಅರ್ಥ ಮಾಡಿಕೊಂಡು ಊಟಕ್ಕೆ ಕೂತರಂತೆ.

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅನ್ನುತ್ತಾರೆ ಎಂದು ಕೇಳಿದ್ದೇನೆ. ನಮ್ಮೂರಲ್ಲಿ ಯಾರೂ ಯಾರನ್ನೂ ಅಷ್ಟೊಂದು ನೆನೆಸಿಕೊಳ್ಳುವುದಿಲ್ಲ. ಇಲ್ಲಿ ಸುಳ್ಳು ಹೇಳಿದವರಿಗೆ ಬಿಕ್ಕಳಿಕೆ ಬರುತ್ತದೆ. ಮದುವೆ ಊಟ ಮಾಡಿ ಎದ್ದವರು 'ಊಟ ಚೆನ್ನಾಗಿತ್ತು' ಅನ್ನುವ ಗೋಜಿಗೆ ಹೋಗದೆ 'ಅನ್ನ ಬಿಸಿಯಾಗಿತ್ತು' ಎಂದು ಕೈ ತೊಳೆಯುತ್ತಾರೆ. ಬಟ್ಟೆ ಅಂಗಡಿಯವರು 'ಬಣ್ಣ ಹೋಗಲ್ಲ' ಅನ್ನುವುದಿಲ್ಲ, 'ಒಗೆದು ನೋಡಿ' ಅನ್ನುತ್ತಾರೆ. ಇದಕ್ಕೂ ಮೀರಿದ ಇಕ್ಕಟ್ಟಿಗೆ ನೀರಿದೆ. ಹೇಳಿದರೆ ಮನಸ್ಸು ನೋಯುತ್ತದೆ ಅನ್ನುವಂಥ ಪ್ರಶ್ನೆ ಯಾರಾದರೂ ಕೇಳಿದರೆ, ಬಾಯಿ ತುಂಬಾ ನೀರು ತುಂಬಿಕೊಂಡು ಕೆನ್ನೆ ಉಬ್ಬಿಸಿ ನಿಂತುಬಿಡುವುದು ನಮ್ಮೂರ ಮರ್ಯಾದೆ. ಕೇಳಿದವರು ತಿಳಿದುಕೊಂಡು ಮಾತು ಬದಲಿಸಬೇಕು. ಅದಕ್ಕೇ ನಮ್ಮಲ್ಲಿ ದೊಡ್ಡವರು ಚೊಂಬಿಲ್ಲದೆ, ಮಕ್ಕಳು ನೀರಿನ ಬಾಟ್ಲಿ ಇಲ್ಲದೆ ಹೊಸಿಲು ದಾಟುವುದಿಲ್ಲ. 'ನಿಮ್ಮ ಸೊಸೆ ಹೇಗಮ್ಮಾ' ಎಂದು ಕೇಳಿದರೆ ನಮ್ಮ ಬೀದಿಯ ಅರ್ಧ ಅತ್ತೆಯರು ನೀರು ತುಂಬಿಕೊಳ್ಳುತ್ತಾರೆ. ಹಾಗೆ ತುಂಬಿಕೊಳ್ಳುವವರನ್ನೇ ನಾವು ಒಳ್ಳೆಯ ಅತ್ತೆ ಅನ್ನುವುದು.

ನೀರು ತುಂಬಿಕೊಳ್ಳದವಳು ಒಬ್ಬಳಿದ್ದಳು, ವಿಶಾಲು. ಪೂರ್ತಿ ಹೆಸರು ವಿಶಾಲಾಕ್ಷಿ. ಆ ಅಗಲವಾದ ಕಣ್ಣಿಗೆ ಸೋಡಾ ಬುಡ್ಡಿ ಕನ್ನಡಕ. ಅವಳು ಬಾಟ್ಲಿ ತರುತ್ತಿದ್ದದ್ದು ಬರೀ ಕುಡಿಯಲಿಕ್ಕೆ. ಒಂದನೇ ತರಗತಿಯಿಂದ ಹತ್ತನೆಯದರವರೆಗೆ ನಾವಿಬ್ಬರೂ ಒಂದೇ ದಾರಿಯಲ್ಲಿ ಶಾಲೆಗೆ ಹೋಗಿ ಬಂದವರು. ದಾರಿಯುದ್ದಕ್ಕೂ ನಾನು ಹಾಡುತ್ತಿದ್ದೆ, ಅವಳು ಪಕ್ಕದಲ್ಲಿ ನಡೆಯುತ್ತಿದ್ದಳು. ಹೇಗಿದೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸ್ನೇಹ ಅನ್ನುವುದು ಹಾಗೆಯೇ ನಡೆಯುವುದು ಅಂದುಕೊಂಡಿದ್ದೆ.

ಹತ್ತನೆಯ ತರಗತಿಯ ಜೂನ್ ತಿಂಗಳು. ಎಂದಿನಂತೆ ಶಾಲೆಯಲ್ಲಿ ಸಂಘಗಳಿಗೆ ಸೇರಿಸಿಕೊಳ್ಳುತ್ತಿದ್ದರು. ವಿಜ್ಞಾನ ಸಂಘದ ಮುಂದೆ ಉದ್ದನೆ ಸಾಲು, ತೋಟಗಾರಿಕೆ ಸಂಘದ ಮುಂದೆ ಅದಕ್ಕಿಂತ ಉದ್ದ, ಏಕೆಂದರೆ ಅಲ್ಲಿ ಸೀಬೆಹಣ್ಣು ಸಿಗುತ್ತಿತ್ತು. ನಾನು ನಿಂತದ್ದು ಸಂಗೀತ ಸಂಘದ ಸಾಲಿನಲ್ಲಿ. ನನ್ನ ಸರದಿ ಬಂದಾಗ ಸಂಗೀತದ ಟೀಚರಿಗೆ ತಲೆ ನೋಯುತ್ತಿತ್ತೋ, ಕೇಳುವ ತಾಳ್ಮೆ ಇರಲಿಲ್ಲವೋ, ಜೊತೆಗಿದ್ದ ವಿಶಾಲು ಕಡೆ ತಿರುಗಿ, "ನಿನ್ನ ಗೆಳತಿ ಹೇಗೆ ಹಾಡ್ತಾಳಮ್ಮಾ?" ಎಂದು ಕೇಳಿದರು.

ಬಾಟ್ಲಿ ಅವಳ ಕೈಯಲ್ಲೇ ಇತ್ತು. ಮುಚ್ಚಳವೂ ತೆಗೆದಿತ್ತು. ಅವಳು ಒಂದು ಗುಟುಕು ಕುಡಿದು, ನುಂಗಿ, ಆಮೇಲೆ ಹೇಳಿದಳು: "ಚೆನ್ನಾಗಿ ಹಾಡಲ್ಲ ಟೀಚರ್. ಇವಳು ನಮ್ಮನೆಗೆ ಬಂದು ಹಾಡಿದ ದಿನ ನಮ್ಮೆಮ್ಮೆ ಹಾಲು ಕೊಡಲ್ಲ."

ಸಾಲಿಗೆ ಸಾಲೇ ನಕ್ಕಿತು. ನಾನು ಅವಳ ಗಂಟಲನ್ನೇ ನೋಡುತ್ತಾ ನಿಂತೆ, ಈಗ ಬಂದೀತು, ಇನ್ನೇನು ಬಂದೀತು ಅಂತ. ಬಿಕ್ಕಳಿಕೆ ಬರಲಿಲ್ಲ. ಸತ್ಯ ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ನಮ್ಮೂರಲ್ಲಿ ಹುಟ್ಟಿದವರಿಗೆ ಸತ್ಯವೇನು ಹೊಸದೇ? ನೀರು ಬಾಯಿಯವರೆಗೆ ಬಂದಿತ್ತಲ್ಲ, ಅದನ್ನು ನುಂಗಿ ಹೇಳಿದಳಲ್ಲ, ಅದಕ್ಕೆ ಸಿಟ್ಟು. ಅವತ್ತು ಸಂಜೆ ನಾನು ಕೆರೆ ಏರಿಯ ಸುತ್ತು ದಾರಿ ಹಿಡಿದು ಒಬ್ಬಳೇ ಮನೆಗೆ ಹೋದೆ. ಮಾರನೆಯ ದಿನದಿಂದ ಅದೇ ನನ್ನ ದಾರಿಯಾಯಿತು.

ಬೇರೆ ಯಾವ ಸಂಘದಲ್ಲೂ ಜಾಗ ಉಳಿದಿರಲಿಲ್ಲ. ನಾಟಕ ಸಂಘಕ್ಕೆ ಸೇರಿದೆ. ನಮ್ಮ ಶಾಲೆಯ ನಾಟಕ ಸಂಘಕ್ಕೆ ಸೇರುವುದೂ ಒಂದೇ, ಕಾರಿಡಾರಿನಲ್ಲಿ ಬೆಂಚಿನ ಮೇಲೆ ನಿಲ್ಲುವುದೂ ಒಂದೇ. 'ನಾನು ರಾಜ' ಎಂದು ಹೇಳಿದ ಹುಡುಗ ರಾಜನಲ್ಲವಲ್ಲ, ಬಿಕ್ಕಳಿಕೆ ಬಂತೇ ಬಂತು. ಪುಸ್ತಕ ನೋಡಿಕೊಂಡು ಓದಿದರೆ ಏನೂ ಆಗುವುದಿಲ್ಲ, ಓದುವುದು ಸುಳ್ಳಲ್ಲ. ಹಾಗಾಗಿ ಪ್ರತಿ ವರ್ಷ ಒಬ್ಬ ಮೇಷ್ಟ್ರು ವೇದಿಕೆಯ ಮೂಲೆಯಲ್ಲಿ ಕೂತು ಕಥೆ ಓದುತ್ತಿದ್ದರು, ಮಕ್ಕಳು ಬಾಯಿ ಮುಚ್ಚಿಕೊಂಡು ಕತ್ತಿ ಬೀಸುತ್ತಿದ್ದರು. ನೋಡುವವರು ಕಡಲೆಕಾಯಿ ತಿನ್ನುತ್ತಿದ್ದರು.

ಆ ವರ್ಷ ರುಕ್ಮಾಂಗದ ಮೇಷ್ಟ್ರು ಬಂದಿದ್ದರು, ಹೊರಗಿನ ಊರಿನವರು. ಬಂದ ಮೊದಲ ವಾರ ಪೂರ್ತಿ ಪಾಪ, ಬಿಕ್ಕಳಿಸಿದರು. 'ನಿಮ್ಮನ್ನೆಲ್ಲ ನೋಡಿ ಸಂತೋಷವಾಯ್ತು' ಅಂದರು, ಬಂತು. 'ಬಾಡಿಗೆ ಮನೆ ಪರವಾಗಿಲ್ಲ' ಅಂದರು, ಬಂತು. ಆಮೇಲೆ ಅವರೂ ಒಂದು ಹಿತ್ತಾಳೆ ಚೊಂಬು ಕೊಂಡರು. ಅವರು ಜನ ಬಾಯಿಬಿಟ್ಟು ಮಾತಾಡುವ ನಾಟಕಗಳನ್ನು ನೋಡಿದ್ದರು. ಅದರ ವಿಷಯ ಹೇಳುವಾಗ ಅವರ ಮುಖ ಬೆಳಗುತ್ತಿತ್ತು, ನಮಗೂ ಆಸೆ ಹುಟ್ಟಿತು.

"ಪಾತ್ರ ಹೇಳೋ ಮಾತು ಸುಳ್ಳಾದ್ರೆ ತಾನೇ ತೊಂದರೆ?" ಎಂದರು ಒಂದು ದಿನ. "ಪ್ರತಿ ಮಾತೂ ಹೇಳೋರ ಪಾಲಿಗೆ ನಿಜ ಆಗೋ ಹಾಗೆ ಮಾಡಿದ್ರೆ?"

ಹೆಡ್‌ಮಿಸ್ಟ್ರೆಸ್ ಅನಸೂಯಾಬಾಯಿ ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ. ಅವರಿಗೆ ಕಿವಿ ಸ್ವಲ್ಪ ಮಂದ. ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡು, ಒಂದು ಷರತ್ತು ಹಾಕಿದರು. "ಶಾಲೇಲಿ ಮಕ್ಕಳಿಗೆ ಸುಳ್ಳು ಹೇಳೋದು ಕಲಿಸಿದ್ರು ಅಂತ ಊರೋರು ಆಡ್ಕೋಬಾರದು. ವಾರ್ಷಿಕೋತ್ಸವದ ದಿನ ಯಾರಿಗಾದ್ರೂ ಒಂದೇ ಒಂದು ಬಿಕ್ಕಳಿಕೆ ಬಂದ್ರೂ ಪರದೆ ಎಳೆಸ್ತೀನಿ. ಆಮೇಲೆ ನಾಟಕ ಸಂಘಾನೇ ಇರಲ್ಲ."

ಕಥೆಯನ್ನು ಮೇಷ್ಟ್ರೇ ಕಟ್ಟಿದರು. ಇಬ್ಬರು ಅಕ್ಕತಂಗಿಯರು ಒಂದು ರಾಜ್ಯವನ್ನು ಆಳುತ್ತಿರುತ್ತಾರೆ. ಒಂದು ದಿನ ತುಂಬಿದ ಸಭೆಯಲ್ಲಿ ಅಕ್ಕ ತಂಗಿಯನ್ನು ಆಡಿಕೊಳ್ಳುತ್ತಾಳೆ. ತಂಗಿ ಕಾಡಿಗೆ ಹೊರಟುಹೋಗುತ್ತಾಳೆ. ಅಕ್ಕ ಹುಡುಕಿಕೊಂಡು ಹೋಗುತ್ತಾಳೆ. ಒಬ್ಬ ರಾಜಕುಮಾರನೂ ಇದ್ದ, 'ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಮಾತೂ ಇತ್ತು. ಹೇಳಿದಾಗ ಬಿಕ್ಕಳಿಕೆ ಬಂದರೂ ಕಷ್ಟ, ಬರದಿದ್ದರೆ ಇನ್ನೂ ಕಷ್ಟ ಎಂದು ಅವನನ್ನು ತೆಗೆದುಹಾಕಿದೆವು.

ಮಾತುಗಳನ್ನು ಒಬ್ಬೊಬ್ಬರ ಅಳತೆಗೆ ಕತ್ತರಿಸಿ ಹೊಲಿಯುವ ಕೆಲಸ ನನ್ನದಾಯಿತು. ಎಂಥಾ ಮಜದ ಕೆಲಸ ಅಂತೀರಿ! ಹೋಟೆಲಿನವರ ಮಗ ದಾಮೋದರ ಮಂತ್ರಿ. ಅವನು 'ಮಹಾರಾಣಿ, ರಾಜ್ಯದ ಚಿಂತೆಯಿಂದ ನಿದ್ದೆ ಬಂದಿಲ್ಲ' ಅಂದಾಗಲೆಲ್ಲ ಬಿಕ್ಕಳಿಸುತ್ತಿದ್ದ. ಅದನ್ನು ನಾನು 'ಮಹಾರಾಣಿ, ನನಗೆ ಹಸಿವಾಗಿದೆ' ಎಂದು ಬದಲಾಯಿಸಿದೆ. ಅದು ಯಾವ ಹೊತ್ತಿನಲ್ಲೂ ನಿಜವೇ ಆಗಿತ್ತು. ಸಿಡಿಲು ಹೊಡೆಯುವಾಗ ವಿಜ್ಞಾನ ಸಂಘದವರು ತಗಡು ಬಡಿಯುತ್ತಿದ್ದರು, ನಾವು 'ಅಬ್ಬಾ, ಏನು ಸದ್ದು' ಅನ್ನುತ್ತಿದ್ದೆವು. ಕಾಡಿಗೆಂದು ತೋಟಗಾರಿಕೆ ಸಂಘದಿಂದ ಕುಂಡಗಳನ್ನು ಹೊತ್ತು ತಂದೆವು. ಅಕ್ಕ ತಂಗಿ ಅನ್ನುವುದಕ್ಕೆ ನಮ್ಮಲ್ಲಿ ಯಾರ ಅಪ್ಪಣೆಯೂ ಬೇಡ, ದಾರಿಯಲ್ಲಿ ಹೋಗುವವಳೂ ಅಕ್ಕನೇ.

ಕೈಕೊಟ್ಟದ್ದು ದೊಡ್ಡ ರಾಣಿಯ ಮೊದಲ ಮಾತು: 'ನಾನು ಯಾರಿಗೂ ಹೆದರುವುದಿಲ್ಲ.' ತೆಗೆಯಲು ಮೇಷ್ಟ್ರು ಒಪ್ಪಲಿಲ್ಲ. ಇಡೀ ಸಂಘದವರು ಒಬ್ಬರಾದ ಮೇಲೊಬ್ಬರು ಹೇಳಿ ಬಿಕ್ಕಳಿಸಿದರು. ದಾಮೋದರ 'ನಾನು' ಅನ್ನುವಷ್ಟರಲ್ಲೇ ಶುರು ಮಾಡಿದ. ಆಗ ಕಿಟಕಿಯ ಆಚೆಯಿಂದ, ಗಿಡಗಳಿಗೆ ನೀರು ಹಾಕುತ್ತಿದ್ದವಳ ದನಿಯೊಂದು ಬೇಸರದಿಂದ, "ಅದೇನು ಅಷ್ಟು ಕಷ್ಟ? ನಾನು ಯಾರಿಗೂ ಹೆದರಲ್ಲ," ಅಂದಿತು. ಎಲ್ಲರೂ ಕಿವಿಗೊಟ್ಟೆವು. ಏನೂ ಬರಲಿಲ್ಲ. ಮೇಷ್ಟ್ರು ಓಡಿಹೋಗಿ ವಿಶಾಲುವನ್ನು ನೀರಿನ ಕ್ಯಾನಿನ ಸಮೇತ ಒಳಗೆ ಕರೆತಂದರು.

ಚಿಕ್ಕ ರಾಣಿಗೆ ಒಂದು ಮಾತಿತ್ತು: 'ನೀನು ಆಡಿದ್ದು ಇನ್ನೂ ಚುಚ್ಚುತ್ತಿದೆ.' ಅದನ್ನು ವಿಶಾಲುವಿನ ಮುಖ ನೋಡಿ ಬಿಕ್ಕಳಿಸದೆ ಹೇಳಬಲ್ಲವರು ಶಾಲೆಯಲ್ಲಿ ಒಬ್ಬರೇ ಇದ್ದರು. ಮೇಷ್ಟ್ರಿಗೆ ನಮ್ಮ ಜಗಳ ಮೊದಲೇ ಗೊತ್ತಿತ್ತಾ ಎಂದು ಒಮ್ಮೆ ನೇರವಾಗಿ ಕೇಳಿದೆ. ಅವರು ಹಿತ್ತಾಳೆ ಚೊಂಬು ಎತ್ತಿ ನೀರು ತುಂಬಿಕೊಂಡರು.

ಹೀಗೆ ಮಾತು ಬಿಟ್ಟ ನಾವಿಬ್ಬರೂ ದಿನಾ ಸಂಜೆ ಮಾತಾಡತೊಡಗಿದೆವು, ಬರೆದಷ್ಟೇ. ಸಭೆಯಲ್ಲಿ ಅವಳು ನನ್ನನ್ನು ಆಡಿಕೊಳ್ಳುವ ಮಾತುಗಳನ್ನು ಬರೆದುಕೊಟ್ಟವಳೂ ನಾನೇ. 'ನೀನು ಬಾಯಿ ತೆಗೆದರೆ ಸಭೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ.' ಅವಳು ನಿರಾಯಾಸವಾಗಿ ಹೇಳಿದಳು, ಬಿಕ್ಕಳಿಕೆಯ ಸುಳಿವೂ ಇಲ್ಲ. ನಾನು ಸಿಟ್ಟಿನಿಂದಲೇ ಉತ್ತರ ಕೊಟ್ಟೆ, ನನಗೂ ಇಲ್ಲ. ಮೇಷ್ಟ್ರು ಕೈ ಕೈ ಉಜ್ಜಿಕೊಂಡರು. ಕಾಡಿನ ದೃಶ್ಯದಲ್ಲಿ ಅವಳು 'ನನಗೆ ದಾರಿ ಕಾಣುತ್ತಿಲ್ಲ' ಅನ್ನಬೇಕಿತ್ತು. ದಾರಿ ಮರೆಮಾಡಲು ಕುಂಡಗಳು ಸಾಲದೆ ಅವಳಿಗೆ ಬಿಕ್ಕಳಿಕೆ ಬಂತು. ನಾನು ಮುಂದೆ ಹೋಗಿ ಅವಳ ಕನ್ನಡಕ ಕಿತ್ತುಕೊಂಡೆ. ಈಗ ಹೇಳು ಅನ್ನುವಂತೆ ನೋಡಿದೆ. "ನನಗೆ ದಾರಿ ಕಾಣ್ತಿಲ್ಲ," ಅಂದಳು, ಏನೂ ಬರಲಿಲ್ಲ, ವೇದಿಕೆಯ ಅಂಚಿಗೆ ನೇರವಾಗಿ ನಡೆದಳು. ನಾನು ಲಂಗದ ತುದಿ ಹಿಡಿದು ಎಳೆಯದಿದ್ದರೆ ಅವತ್ತೇ ರಾಣಿಯ ಹಲ್ಲು ಹೋಗುತ್ತಿತ್ತು. ಅವತ್ತಿನಿಂದ ಕಾಡಿನ ದೃಶ್ಯ ಮುಗಿಯುವತನಕ ಕನ್ನಡಕ ನನ್ನ ಕುಪ್ಪಸದೊಳಗೆ, ಅವಳ ಲಂಗದ ತುದಿ ನನ್ನ ಕೈಯಲ್ಲಿ.

ಉಳಿದದ್ದು ಕೊನೆಯ ದೃಶ್ಯ. ಅಕ್ಕ 'ಇನ್ನೂ ಕೋಪವಾ?' ಎಂದು ಕೇಳುತ್ತಾಳೆ, ತಂಗಿ 'ಇಲ್ಲ ಅಕ್ಕ, ಕೋಪವಿಲ್ಲ' ಎಂದು ಅಪ್ಪಿಕೊಳ್ಳುತ್ತಾಳೆ, ಪರದೆ. ಅಪ್ಪುಗೆಯವರೆಗೆ ನಾವು ಒಂದು ದಿನವೂ ತಲುಪಲಿಲ್ಲ. 'ಕೋಪವಿಲ್ಲ' ಅಂದಕೂಡಲೇ ನನಗೆ ಬಿಕ್ಕಳಿಕೆ ಬರುತ್ತಿತ್ತು. ಕೊನೆಗೆ ನಾನೇ ಮಾತು ಬದಲಿಸಿದೆ: 'ಇಲ್ಲ ಅಕ್ಕ, ನನ್ನ ಕೋಪ ಹೋಗಿಲ್ಲ.' ಹೇಳಿ ತಂಗಿ ಹೊರಟುಹೋಗುತ್ತಾಳೆ, ಪರದೆ.

"ಇಷ್ಟು ದೂರ ಹುಡುಕ್ಕೊಂಡು ಬಂದವಳನ್ನ ಬಿಟ್ಟು ಹೋಗ್ತಾಳೇನಮ್ಮಾ?" ಎಂದರು ಮೇಷ್ಟ್ರು.

"ನಿಜ ಇದ್ದಷ್ಟೇ ನಾಟಕ ಅಂದಿದ್ರಲ್ಲ ಸಾರ್."

ಅವರು ಸಪ್ಪಗಾದರು, ಆದರೂ ಒಪ್ಪಿದರು. ವಿಶಾಲು ಕನ್ನಡಕಕ್ಕೆ ಕೈ ಚಾಚಿದಳು. ಕೊಟ್ಟೆ.

ವಾರ್ಷಿಕೋತ್ಸವದ ಬೆಳಿಗ್ಗೆ ಪ್ರಾರ್ಥನೆಯ ಸಮಯದಲ್ಲಿ ಹೆಡ್‌ಮಿಸ್ಟ್ರೆಸ್ ಒಂದು ಕಟ್ಟಳೆ ಹೊರಡಿಸಿದರು: "ಇವತ್ತು ರಾತ್ರಿ ತನಕ ಈ ಸಭಾಂಗಣಕ್ಕೆ ವಿಶಾಲಾಕ್ಷಿ, ಶಾಂತಲಾ ರಾಣಿಯರು. ದಾಮೋದರ ಮಂತ್ರಿ. ಇವರು ಹೇಳಿದ್ದು ನಡೀಬೇಕು." ಇದು ಮೇಷ್ಟ್ರ ಉಪಾಯ, ನಿಜವಾಗಿ ಪಟ್ಟ ಕಟ್ಟಿದ ಮೇಲೆ 'ನಾನು ರಾಣಿ' ಅನ್ನುವುದು ಸುಳ್ಳಲ್ಲ. ಮಂತ್ರಿ ಆ ಕ್ಷಣದಿಂದಲೇ ಅಧಿಕಾರ ಚಲಾಯಿಸಿ ಅಡುಗೆಯವರಿಂದ ಒಂದು ತಟ್ಟೆ ಉಪ್ಪಿಟ್ಟು ಹೆಚ್ಚಿಗೆ ತರಿಸಿದ.

ಸಂಜೆ ಸಭಾಂಗಣ ತುಂಬಿ ಜನ ಕಿಟಕಿಗಳಲ್ಲೂ ಕೂತಿದ್ದರು. ಎಲ್ಲರ ಜೊತೆಗೂ ಚೊಂಬು. ಮುಂದಿನ ಸಾಲಿನ ನಡುವೆ ಹೆಡ್‌ಮಿಸ್ಟ್ರೆಸ್, ಪರದೆಯ ಹಗ್ಗ ಹಿಡಿದ ಜವಾನ ಅವರ ಕೈಸನ್ನೆಗೇ ಕಾಯುತ್ತಿದ್ದ. ವಿಶಾಲು ಕಿರೀಟ ಸರಿ ಮಾಡಿಕೊಂಡು ಮುಂದೆ ಬಂದಳು. "ನಾನು ರಾಣಿ. ನಾನು ಯಾರಿಗೂ ಹೆದರುವುದಿಲ್ಲ." ಬಿಕ್ಕಳಿಕೆ ಬರಲಿಲ್ಲ. ಊರಿನ ಜನ ತಮ್ಮ ಜೀವಮಾನದಲ್ಲಿ ಮೊದಲ ಸಲ ವೇದಿಕೆಯ ಮೇಲೆ ಒಬ್ಬಳು ಬಾಯಿಬಿಟ್ಟು ಮಾತಾಡಿದ್ದನ್ನು ಕಂಡು, ಕಡಲೆಕಾಯಿ ಮರೆತು ಚಪ್ಪಾಳೆ ತಟ್ಟಿದರು. ಮಂತ್ರಿಯ ಹಸಿವಿಗೆ ಬಿದ್ದ ನಗುವಿನಿಂದ ಸೂರು ಅದುರಿತು. ನಾನು 'ನೀನು ಆಡಿದ್ದು ಇನ್ನೂ ಚುಚ್ಚುತ್ತಿದೆ' ಎಂದು ಸಭೆ ಬಿಟ್ಟು ಹೊರಟಾಗ ಹಿಂದಿನ ಸಾಲಿನ ಒಬ್ಬ ಹೆಂಗಸು "ಹೋಗು ಮಗಳೇ, ಹೋಗು, ಅವಳಿಗೂ ಗೊತ್ತಾಗ್ಲಿ," ಅಂದಳು. ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಹಾಡಿ ಸಿಗದ ಚಪ್ಪಾಳೆ ಸಿಟ್ಟು ಮಾಡಿ ಸಿಕ್ಕಿತ್ತು.

ಕಾಡು ಮುಗಿಯಿತು. ನಾನು ಅವಳ ಕೈಗೆ ಕನ್ನಡಕ ಕೊಟ್ಟೆ. ಅವಳು ಹಾಕಿಕೊಂಡಳು. ಈಗ 'ಇನ್ನೂ ಕೋಪವಾ' ಎಂದು ಕೇಳಬೇಕು. ಕೇಳಲಿಲ್ಲ. ಮಾತು ಮರೆತಳೇನೋ ಅಂದುಕೊಂಡೆ. ಅವಳು ನಿಧಾನವಾಗಿ, ನಾನು ಬರೆಯದೇ ಇದ್ದ ಮಾತು ಆಡತೊಡಗಿದಳು.

"ನಾನು ಹೇಳಿದ್ದು ನಿಜ ಕಣೇ. ಅದನ್ನ ಸುಳ್ಳು ಅನ್ನಕ್ಕೆ ನನಗಾಗಲ್ಲ. ಆದ್ರೆ ನೀರು ಕೈಯಲ್ಲೇ ಇತ್ತು, ತುಂಬ್ಕೋಬೇಕಿತ್ತು. ನೀನು ಕೆರೆ ಏರಿ ಮೇಲೆ ಹೋಗೋಕೆ ಶುರು ಮಾಡಿದ್ಮೇಲೆ ನಮ್ಮ ದಾರಿ ತುಂಬಾ ಉದ್ದ ಆಗಿದೆ. ಎಮ್ಮೆ ಈಗ ದಿನಾ ಹಾಲು ಕೊಡತ್ತೆ. ಕೊಟ್ಟು ಏನ್ ಮಾಡೋಣ?"

ಬಿಕ್ಕಳಿಕೆ ಇಲ್ಲ. ಒಂದು ಸಣ್ಣದೂ ಇಲ್ಲ. ಆಮೇಲೆ ಕೇಳಿದಳು: "ಇನ್ನೂ ಕೋಪವಾ?"

ನಾನು ತಲೆ ಎತ್ತಿ, ಅಭ್ಯಾಸ ಮಾಡಿದ್ದ ಹಾಗೆಯೇ ಗಟ್ಟಿಯಾಗಿ, "ಇಲ್ಲ ಅಕ್ಕ, ನನ್ನ ಕೋಪ ಹೋಗಿಲ್ಲ," ಅಂದೆ.

ಬಿಕ್.

ದಿನಾ ಸಂಜೆ ತೆಗೆದು ಬಳಸಿದ ಸಿಟ್ಟು, ಸೋಪಿನ ಹಾಗೆ ಸವೆದು ಸವೆದು, ಆ ಹೊತ್ತಿಗೆ ಕೈಜಾರಿ ಹೋಗಿತ್ತು. ನನಗೇ ಗೊತ್ತಾಗಿರಲಿಲ್ಲ. ಇನ್ನೊಂದು ಬಂತು, ಬಿಕ್. ಮೂಲೆಯಲ್ಲಿ ರುಕ್ಮಾಂಗದ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಖುಷಿಪಡಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಕೋಪ ಹೋಗಿದ್ದಕ್ಕೆ ನಾಟಕ ಸಂಘವೇ ಹೋಗುವುದಿತ್ತು.

ಹೆಡ್‌ಮಿಸ್ಟ್ರೆಸ್ ಎದ್ದು ನಿಂತರು. ಜವಾನ ಹಗ್ಗ ಬಿಗಿಹಿಡಿದ.

"ಏನೋ ಸದ್ದಾಯ್ತು," ಅಂದರು ಅವರು, ಕಿವಿಯ ಹತ್ತಿರ ಕೈ ಇಟ್ಟುಕೊಂಡು. "ನನಗೆ ಸರಿಯಾಗಿ ಕೇಳಿಸ್ಲಿಲ್ಲ. ವಿಶಾಲಾಕ್ಷಿ, ನೀನು ಹೇಳು. ಈ ಊರಲ್ಲಿ ನೀರು ತುಂಬ್ಕೊಳ್ದೆ ಇರೋಳು ನೀನೊಬ್ಬಳೇ. ಶಾಂತಲಾಗೆ ಬಿಕ್ಕಳಿಕೆ ಬಂತಾ?"

ನಾನು ಕಣ್ಣು ಮುಚ್ಚಿದೆ. ಸಂಗೀತ ಸಂಘದ ಸಾಲು, ತೆಗೆದ ಮುಚ್ಚಳ, ಎಲ್ಲಾ ನೆನಪಾಯಿತು. ಸತ್ಯ ಹೇಳುತ್ತಾಳೆ, ಅವಳಿಗೆ ಇನ್ನೇನೂ ಬರುವುದಿಲ್ಲ ಅಂದುಕೊಂಡೆ. ಗಳಗಳ ಎಂದು ಒಂದು ಸದ್ದು ಕೇಳಿಸಿ ಕಣ್ಣು ಬಿಟ್ಟೆ. ವಿಶಾಲು ಸಿಂಹಾಸನದ ಪಕ್ಕದಲ್ಲಿದ್ದ ಮಂತ್ರಿಯ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಅಭ್ಯಾಸವಿಲ್ಲದ್ದರಿಂದ ಅರ್ಧ ನೀರು ಕುತ್ತಿಗೆಯ ಮೇಲೆ ಇಳಿದು ರೇಷ್ಮೆ ಕುಪ್ಪಸ ನೆನೆಸಿತ್ತು. ಉಳಿದರ್ಧ ಬಾಯಲ್ಲಿತ್ತು. ಕೆನ್ನೆಗಳು ಉಬ್ಬಿ ಕನ್ನಡಕವನ್ನು ಮೇಲಕ್ಕೆ ಎತ್ತಿದ್ದವು. ಹಾಗೆಯೇ ಹೆಡ್‌ಮಿಸ್ಟ್ರೆಸ್ ಅವರನ್ನು ನೆಟ್ಟಗೆ ನೋಡುತ್ತಾ ನಿಂತಳು, ಯಾರಿಗೂ ಹೆದರದವಳು.

ಹೆಡ್‌ಮಿಸ್ಟ್ರೆಸ್ ದಾಮೋದರನ ಕಡೆ ತಿರುಗಿದರು. ಅವನು ಆಗಲೇ ವಿಶಾಲುವಿನ ಕೈಯಿಂದ ಚೊಂಬು ಕಸಿದುಕೊಂಡಿದ್ದ. ಸಂಗೀತದ ಟೀಚರ ಕಡೆ ತಿರುಗಿದರು. ಅವರು ಚೊಂಬಿನ ತಳ ಮೇಲೆ ಮಾಡಿದರು. ಮುಂದಿನ ಸಾಲು, ಅದರ ಹಿಂದಿನ ಸಾಲು, 'ಹೋಗು ಮಗಳೇ' ಅಂದಿದ್ದ ಹೆಂಗಸು, ಕಿಟಕಿಯಲ್ಲಿ ಕೂತಿದ್ದ ಹುಡುಗರು, ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಜವಾನ. ಕಣ್ಣು ಹಾಯಿಸಿದಷ್ಟೂ ಎತ್ತಿದ ಚೊಂಬು, ಉಬ್ಬಿದ ಕೆನ್ನೆ. ಇಡೀ ಊರು ಬಾಯಿ ತುಂಬಾ ನೀರು ತುಂಬಿಕೊಂಡು ಕೂತಿತ್ತು.

ಅನಸೂಯಾಬಾಯಿ ಆ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು. ಕಿವಿಯಿಂದ ಕೈ ತೆಗೆದರು. ಕೂತುಕೊಂಡು, ಕುರ್ಚಿಯ ಕೆಳಗಿದ್ದ ತಮ್ಮ ಬೆಳ್ಳಿ ಚೊಂಬನ್ನು ಎತ್ತಿ, ಸಾವಕಾಶವಾಗಿ ನೀರು ತುಂಬಿಕೊಂಡರು.

ಆಗ ನನಗೆ ಮತ್ತೊಂದು ಬಿಕ್ಕಳಿಕೆ ಬಂತು. ವಿಶಾಲುಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದದ್ದೆಲ್ಲ ನನ್ನ ಮುಖಕ್ಕೆ, ಕಿರೀಟಕ್ಕೆ, ಕಾಡಿಗೆ. ಅದನ್ನು ನೋಡಿ ದಾಮೋದರ ಉಗಿದ, ಅವನನ್ನು ನೋಡಿ ಮುಂದಿನ ಸಾಲು, ಆಮೇಲೆ ಯಾರು ಯಾರ ಮೇಲೆ ಅಂತ ಹೇಳಲಾಗದು. ನಾವಿಬ್ಬರೂ ಒದ್ದೆ ಮುದ್ದೆಯಾಗಿ ಅಪ್ಪಿಕೊಂಡು ನಗುತ್ತಿದ್ದೆವು. ನಾಟಕದ ಕೊನೆಯೇ ಹೀಗಿರಬೇಕು ಎಂದು ಊರಿನವರು ತಿಳಿದರು. ಮೇಷ್ಟ್ರು ಬರೆದದ್ದೂ ಅದನ್ನೇ ಅಲ್ಲವೇ.

ನಾಟಕ ಸಂಘ ಉಳಿಯಿತು. ಮರುವರ್ಷ ಅದರ ಸಾಲು ತೋಟಗಾರಿಕೆ ಸಂಘದ್ದಕ್ಕಿಂತ ಉದ್ದವಿತ್ತಂತೆ.

ಅವತ್ತು ನಾನು ಕೆರೆ ಏರಿ ಬಿಟ್ಟು ಹಳೆಯ ದಾರಿಯಲ್ಲೇ ಮನೆಗೆ ಹೊರಟೆ. ವಿಶಾಲು ಜೊತೆಗಿದ್ದಳು. ಸ್ವಲ್ಪ ದೂರ ಬರುವಷ್ಟರಲ್ಲಿ ನನಗೆ ಹಾಡಬೇಕೆನಿಸಿತು, ಹಾಡಿದೆ. ಅಷ್ಟು ತಿಂಗಳ ಹಾಡು ಬಾಕಿಯಿತ್ತು, ದನಿ ಎತ್ತಿಯೇ ಹಾಡಿದೆ. ಮುಗಿಸಿ, ಯಾವತ್ತೂ ಕೇಳದೇ ಇದ್ದದ್ದನ್ನು ಕೇಳಿಬಿಟ್ಟೆ.

"ಹೇಗಿತ್ತೇ?"

ವಿಶಾಲು ಬಾಟ್ಲಿಯ ಮುಚ್ಚಳ ತೆಗೆದು ನೀರು ತುಂಬಿಕೊಂಡಳು. ನಾನು ಇನ್ನೊಂದು ಹಾಡು ಶುರು ಮಾಡಿದೆ. ನಮ್ಮ ಮನೆಯ ಬಾಗಿಲು ಬರುವವರೆಗೂ ಅವಳು ಅದನ್ನು ನುಂಗಲಿಲ್ಲ.